ಈಡು: ಹಾಸನ ಸೀಮೆಯಲ್ಲಿ ಕೋವಿ, ಗುಂಡು, ಮದ್ದುಗಳ ಹೊಂದಿಕೆಯ ಚರಿತ್ರೆ

೧

ಕನ್ನಡ ನಾಡಿನ ಯುದ್ಧಚರಿತ್ರೆಯಲ್ಲಿ ಕೋಟೆ, ಆನೆ, ಕುದುರೆ, ಫಿರಂಗಿಗಳನ್ನು ಕುರಿತ ವಿಚಾರವು ವಿಸ್ತಾರವಾಗಿ ನಡೆದಿದೆ. ಒಂದು ನಳಿಗೆಗೆ ಎಂತಹ ಗುಂಡು ಸಲ್ಲುತ್ತದೆ, ಆ ಗುಂಡಿಗೆ ಎಷ್ಟು ಮದ್ದು ಬೇಕು, ಅದನ್ನು ಅಳೆಯುವ ಕೈ ಯಾರದು ಎಂಬ ಪ್ರಶ್ನೆಯಾದರೋ ಬೇಟೆಗಾರರಿಗೂ ಕಮ್ಮಾರರಿಗೂ ಬಿಟ್ಟದ್ದೆಂಬಂತೆ ಉಳಿದುಕೊಂಡಿದೆ. ಆದರೆ ೧೮೫೭ನೆಯ ಇಸವಿಯ ಸಿಪಾಯಿಗಳ ದಂಗೆ, ಅದೇ ವರ್ಷದ ಹಲಗಲಿಯ ಬೇಡರ ಹೋರಾಟ, ಕೊಡವರಿಗೆ ದೊರೆತ ಆಯುಧದ ವಿನಾಯಿತಿ, ೧೮೮೧ರಲ್ಲಿ ಮೈಸೂರು ಸಂಸ್ಥಾನವು ಒಡೆಯರಿಗೆ ಹಿಂದಿರುಗಿದಾಗ ವಿಧಿಸಲ್ಪಟ್ಟ ಷರತ್ತು, ಇವೆಲ್ಲವೂ ಈ ಸಣ್ಣ ಪ್ರಶ್ನೆಯೊಂದಿಗೆ ಹೆಣೆದುಕೊಂಡಿರುವುದರಿಂದ ಅದನ್ನು ಸಣ್ಣದೆಂದು ತಳ್ಳಿಹಾಕುವಂತಿಲ್ಲ.

ಹಾಸನ ತಾಲ್ಲೂಕಿನ ಕಟ್ಟಾಯ ಹೋಬಳಿಯ ನೆಲವು ಈ ವಿಚಾರಕ್ಕೆ ಒಳ್ಳೆಯ ನಿಲುಗಡೆಯಾಗಿದೆ. ಅದರ ಒಂದು ಕಡೆಗೆ ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಬಯಲುಸೀಮೆ; ಇನ್ನೊಂದು ಕಡೆಗೆ ಅರಕಲಗೂಡನ್ನು ದಾಟಿದರೆ ಕೊಡಗಿನ ಗಡಿ; ಪಡುವಣದಲ್ಲಿ ಸಕಲೇಶಪುರದ, ಎಂದರೆ ಹಿಂದಿನ ಮಂಜರಾಬಾದಿನ, ಮಲೆನಾಡು. ಬಯಲಿನ ಹೊಲಕ್ಕೆ ಹಂದಿ ಬೀಳುವ, ಮಲೆಯಂಚಿನ ಗದ್ದೆಗೆ ಆನೆ ಇಳಿಯುವ ಈ ಸೀಮೆಯಲ್ಲಿ ಕೋವಿಯು ಅರಮನೆಯ ಆಯುಧಶಾಲೆಗೆ ಮಾತ್ರ ಸೇರಿದ ವಸ್ತುವಾಗಿರಲಿಲ್ಲ. ಬೆಳೆ ಕಾಯುವವನ ಅಟ್ಟಣೆಯ ಮೇಲೂ ಅದಕ್ಕೆ ಸ್ಥಳವಿದ್ದಿತು.

೨

ಮೊದಲು ಶಬ್ದಗಳನ್ನು ನೋಡಬಹುದು. ಬಂದೂಕಿನ ಅಂಗಗಳಲ್ಲಿ ಮುಖ್ಯವಾದುವು ಮೂರು: ನಳಿಗೆ, ಗುಂಡು, ಮದ್ದು. ಈ ಆಯುಧಕ್ಕೆ ಕನ್ನಡದಲ್ಲಿ ಬಳಕೆಯಾಗಿರುವ ಹೆಸರುಗಳು ಒಂದೊಂದು ಅಂಗವನ್ನು ಹಿಡಿದು ಹುಟ್ಟಿದುವೆಂಬುದು ಗಮನಿಸತಕ್ಕ ಸಂಗತಿ. ಕೋವಿ ಎಂದರೆ ಕೊಳವೆ. ಕನ್ನಡಿಗನು ಆಯುಧವನ್ನು ಅದರ ನಳಿಗೆಯಿಂದ ಗುರುತಿಸಿದನು. ಬಂದೂಕು ಎಂಬುದು ಅರಬ್ಬಿಯ ಬುಂದುಕ್ ಶಬ್ದದಿಂದ ಬಂದುದು. ಆ ಶಬ್ದಕ್ಕೆ ಮೊದಲು ಒಂದು ಬಗೆಯ ದುಂಡನೆಯ ಕಾಯಿ ಎಂಬ ಅರ್ಥವಿದ್ದು, ಬಳಿಕ ಕವಣೆಯ ಉಂಡೆ ಎಂಬ ಅರ್ಥವೂ ಕೊನೆಗೆ ಆಯುಧವೆಂಬ ಅರ್ಥವೂ ಕೂಡಿಕೊಂಡವು. ತೋಪು ಎಂಬುದು ತುರ್ಕಿ ಭಾಷೆಯದು. ಅಲ್ಲಿಯೂ ಅದರ ಮೂಲಾರ್ಥ ಚೆಂಡು. ಹೀಗೆ ಪರದೇಶದ ಈ ಎರಡು ಶಬ್ದಗಳು ಗುಂಡಿನಿಂದ ಆಯುಧವನ್ನು ಹೆಸರಿಸಿವೆ. ತುಪಾಕಿ ಎಂಬುದೂ ತುರ್ಕಿ, ಪಾರಸಿ ಮೂಲದ್ದೇ ಆಗಿದ್ದು, ತೆಲುಗು, ತಮಿಳುಗಳಲ್ಲಿಯೂ ಬೇರುಬಿಟ್ಟಿದೆ.

ಮೂರನೆಯ ಅಂಗದ ಹೆಸರು ಇನ್ನೂ ಸ್ವಾರಸ್ಯವಾದುದು. ಮದ್ದು ಎಂದರೆ ಔಷಧ. ಪಾರಸಿಯ ದಾರು ಶಬ್ದಕ್ಕೂ ಔಷಧ, ಸಿಡಿಮದ್ದು ಎಂಬ ಎರಡು ಅರ್ಥಗಳುಂಟು. ಚೀನೀಯರು ಇದನ್ನು ಬೆಂಕಿಯ ಔಷಧವೆಂದೇ ಕರೆದರು. ಪೆಟ್ಲುಪ್ಪು, ಗಂಧಕ, ಇದ್ದಿಲುಗಳನ್ನು ಅರೆದು ಕೂಡಿಸುವ ಕೆಲಸವು ವೈದ್ಯನ ಕೆಲಸವನ್ನು ಹೋಲುವುದರಿಂದ ಈ ಹೆಸರು ಸಹಜವಾಗಿಯೇ ಒಪ್ಪುತ್ತದೆ. ಔಷಧದಂತೆಯೇ ಇದಕ್ಕೂ ಪ್ರಮಾಣವಿದೆ: ಕಡಮೆಯಾದರೆ ಫಲವಿಲ್ಲ, ಹೆಚ್ಚಾದರೆ ಪ್ರಾಣಕ್ಕೆ ಅಪಾಯ.

ಇನ್ನು ಈಡು. ಒಂದು ಸಲ ಹಾರಿಸುವ ಗುಂಡಿಗೆ ಮಲೆನಾಡಿನವರು ಈಡು ಎನ್ನುತ್ತಾರೆ; ಈಡು ಹೊಡೆದ, ಈಡು ತಪ್ಪಿತು ಎಂಬ ಮಾತುಗಳು ಪ್ರಸಿದ್ಧವಾಗಿವೆ. ಎಸೆಯುವುದು ಎಂಬ ಅರ್ಥದ ಇಡು ಧಾತುವಿನೊಡನೆ ಇದನ್ನು ಸೇರಿಸಿ ಹೇಳುವುದು ಯುಕ್ತ. ಅದೇ ರೂಪದ ಈಡು ಎಂಬ ಶಬ್ದಕ್ಕೆ ಸಮ, ಹೊಂದಿಕೆ, ಜೋಡಿ ಎಂಬ ಅರ್ಥವೂ ಇದ್ದು, ಈಡುಜೋಡು ಎಂಬ ಸಮಾಸದಲ್ಲಿ ಅದು ಸ್ಪಷ್ಟವಾಗಿದೆ. ಎರಡರ ಮೂಲವೂ ಒಂದೇ ಎಂದು ಸಾಧಿಸಬೇಕಾದ ಅಗತ್ಯವಿಲ್ಲ. ಆದರೆ ಗುಂಡು ಗುರಿಮುಟ್ಟುವುದು ನಳಿಗೆ, ಗುಂಡು, ಮದ್ದು ಈ ಮೂರೂ ಒಂದಕ್ಕೊಂದು ಈಡಾದಾಗ ಮಾತ್ರವೇ ಆದುದರಿಂದ, ಈ ಎರಡು ಅರ್ಥಗಳು ಒಂದೇ ರೂಪದಲ್ಲಿ ಕೂಡಿರುವುದು ವಿಷಯಕ್ಕೆ ತಕ್ಕುದಾಗಿದೆ.

೩

ದಕ್ಷಿಣದಲ್ಲಿ ಕೈಬಂದೂಕಿನ ಪ್ರಯೋಜನವು ಎದ್ದುಕಂಡ ಸಂದರ್ಭಗಳಲ್ಲಿ ೧೫೨೦ರ ರಾಯಚೂರು ಮುತ್ತಿಗೆಯು ಒಂದು. ಕೃಷ್ಣದೇವರಾಯನ ಪರವಾಗಿ ಫಿಗೇರೆದೊ ಎಂಬ ಪೋರ್ತುಗೀಸ ನಾಯಕನೂ ಅವನ ಜೊತೆಯ ಬಂದೂಕುಗಾರರೂ ಕೋಟೆಯ ಮೇಲಿನ ಕಾವಲಿನವರನ್ನು ಗುರಿಯಿಟ್ಟು ಹೊಡೆದು, ಕೆಳಗಿನವರು ಗೋಡೆಯನ್ನು ಕೆಡಹುವುದಕ್ಕೆ ಅನುಕೂಲ ಮಾಡಿಕೊಟ್ಟರೆಂದು ನೂನಿಜನ ವೃತ್ತಾಂತದಿಂದ ತಿಳಿದುಬರುತ್ತದೆ. ಅದರ ನಂತರದ ಎರಡು ಶತಮಾನಗಳಲ್ಲಿ ಪಾಳೆಯಗಾರರ ಪಡೆಗಳಲ್ಲಿ ತುಪಾಕಿಯು ಬಿಲ್ಲು ಬಾಣಗಳ ಸ್ಥಾನವನ್ನು ಕ್ರಮವಾಗಿ ಆಕ್ರಮಿಸಿಕೊಂಡಿತು.

ಹೈದರಾಲಿ, ಟೀಪೂ ಸುಲ್ತಾನರ ಕಾಲಕ್ಕೆ ಶ್ರೀರಂಗಪಟ್ಟಣದಲ್ಲಿ ಬಂದೂಕುಗಳೂ ತೋಪುಗಳೂ ತಯಾರಾಗುತ್ತಿದ್ದುವು. ಟೀಪುವಿನ ಬಂದೂಕುಗಳ ಮೇಲೆ ಕಾಣುವ ಹುಲಿಪಟ್ಟೆಯ ಅಲಂಕಾರವೂ ಅವನು ನಡೆಸಿದ ಮೌಲೂದಿ ಶಕದ ವರ್ಷಸಂಖ್ಯೆಯೂ ಅವು ಅವನ ಕಾರ್ಖಾನೆಗಳವೆಂಬುದನ್ನು ಸಾರುತ್ತವೆ. ಹಾಸನ ಸೀಮೆಯಲ್ಲಿ ಅವನ ಯುದ್ಧಸಿದ್ಧತೆಗೆ ಸಾಕ್ಷಿಯಾಗಿ ಸಕಲೇಶಪುರದ ಬಳಿಯ ಮಂಜರಾಬಾದ್ ಕೋಟೆ ಇದೆ. ೧೭೯೨ರಲ್ಲಿ ಪೂರ್ಣವಾದ, ಎಂಟು ಮೂಲೆಗಳ ನಕ್ಷತ್ರಾಕಾರದ ಈ ಕೋಟೆಯೊಳಗೆ ಮದ್ದನ್ನು ಒದ್ದೆಯಾಗದಂತೆ ಕೂಡಿಡುವ ನೆಲಮಾಳಿಗೆಯ ಮದ್ದಿನ ಮನೆಗಳು ಈಗಲೂ ಕಾಣಸಿಗುತ್ತವೆ. ಮಂಜಿನಿಂದಲೇ ಹೆಸರು ಪಡೆದ ಬೆಟ್ಟದಲ್ಲಿ ಮದ್ದನ್ನು ಒಣಗಿಟ್ಟುಕೊಳ್ಳುವುದು ಕೋಟೆಯನ್ನು ಕಟ್ಟುವುದಕ್ಕಿಂತ ಸುಲಭದ ಕೆಲಸವಾಗಿರಲಾರದು.

ಮೈಸೂರಿನ ಕೀರ್ತಿಯನ್ನು ಹೊರದೇಶಗಳಿಗೆ ಮುಟ್ಟಿಸಿದ ಆಯುಧ ಬಂದೂಕಲ್ಲ, ಬಾಣ. ಕಬ್ಬಿಣದ ಕೊಳವೆಯಲ್ಲಿ ಮದ್ದನ್ನು ಇಡಿದು, ಉದ್ದನೆಯ ಬಿದಿರಿನ ಗಳಕ್ಕೆ ಕಟ್ಟಿ ಹಾರಿಸುತ್ತಿದ್ದ ಈ ಅಗ್ನ್ಯಸ್ತ್ರಕ್ಕೆ ಬಾಣವೆಂದು ಹೆಸರಿಟ್ಟವರು ಅದರ ತತ್ತ್ವವನ್ನು ಚೆನ್ನಾಗಿ ತಿಳಿದಿದ್ದರೆಂದು ಹೇಳಬೇಕು. ಉದ್ದನೆಯ ವಸ್ತುವೊಂದು ಗಾಳಿಯನ್ನು ಸೀಳಿಕೊಂಡು ಹೋಗುವಾಗ ಅಡ್ಡ ತಿರುಗಿ ಉರುಳಾಡುವುದು ಅದರ ಸ್ವಭಾವ. ಬಿಲ್ಲಿನ ಬಾಣದಲ್ಲಿ ಹಿಂದಿನ ಗರಿಯು ಇದನ್ನು ತಡೆಯುತ್ತದೆ. ಮೈಸೂರಿನ ಬಾಣದಲ್ಲಿ ಬಿದಿರಿನ ಗಳವು ಅದೇ ಕೆಲಸವನ್ನು ಮಾಡುತ್ತಿದ್ದಿತು. ಇಂತಹ ಬಾಣಗಳ ಕಬ್ಬಿಣದ ಕೊಳವೆಗಳು ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ೨೦೧೮ರಲ್ಲಿ ಪಾಳುಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚಾಗಿ ದೊರೆತವು. ಮೈಸೂರಿನ ಬಾಣಗಳನ್ನು ನೋಡಿ ಕಲಿತ ಇಂಗ್ಲೆಂಡಿನಲ್ಲಿ ಕಾಂಗ್ರೀವರು ೧೮೦೪ರಿಂದ ಪ್ರಯೋಗ ನಡೆಸಿದಾಗಲೂ ಗಳವನ್ನು ಬಿಡಲಿಲ್ಲ. ೧೮೪೪ರಲ್ಲಿ ಹೇಲ್ ಎಂಬವರು ಗಳವನ್ನು ತೆಗೆದು, ಬಾಣವೇ ತನ್ನ ಸುತ್ತ ತಾನು ಗಿರನೆ ತಿರುಗುವಂತೆ ಮಾಡಿದರು. ತಿರುಗುವ ಬುಗುರಿಯು ಬೀಳದೆ ನಿಲ್ಲುವಂತೆ ತಿರುಗುವ ಬಾಣವೂ ಮೂತಿಯನ್ನು ಮುಂದಿಟ್ಟುಕೊಂಡೇ ಸಾಗುತ್ತದೆ. ಗರಿ, ಗಳ, ತಿರುಗಣೆ ಇವು ಒಂದೇ ಸಮಸ್ಯೆಗೆ ದೊರೆತ ಮೂರು ಪರಿಹಾರಗಳು. ಈ ಮೂರನೆಯದೇ ತಿರುಪುಗೀರಿನ ಬಂದೂಕಿನ, ಎಂದರೆ ರೈಫಲಿನ, ಜೀವಾಳ.

೪

ನಳಿಗೆಯ ಒಳಮೈ ನುಣುಪಾಗಿರುವ ಹಳೆಯ ತುಪಾಕಿಯಲ್ಲಿ ದುಂಡನೆಯ ಸೀಸದ ಗುಂಡನ್ನು ಬಾಯಿಯಿಂದ ಇಳಿಯಬಿಡುತ್ತಿದ್ದರು. ಸುಲಭವಾಗಿ ಇಳಿಯಲೆಂದು ಗುಂಡನ್ನು ನಳಿಗೆಗಿಂತ ತುಸು ಸಣ್ಣದಾಗಿ ಎರಕ ಹೊಯ್ಯಬೇಕಾಗಿತ್ತು. ಹೀಗೆ ಸಡಿಲವಾದ ಗುಂಡು ನಳಿಗೆಯ ಪಕ್ಕಗಳಿಗೆ ತಾಗುತ್ತ ಹೊರಬೀಳುವುದರಿಂದ ದೂರದ ಗುರಿ ನೆಚ್ಚುವಂತಿರಲಿಲ್ಲ. ಆದರೆ ಈ ಕೋವಿಗೆ ಒಂದು ಗುಣವಿದ್ದಿತು. ಅದು ಬಹಳ ಸೈರಣೆಯ ಆಯುಧ. ಒಂದೇ ನಳಿಗೆಯಲ್ಲಿ ಹಂದಿಗೆ ಒಂಟಿ ಗುಂಡು, ಹಕ್ಕಿಗೆ ಚರೆ, ಬೆದರಿಸುವುದಕ್ಕೆ ಬರಿಯ ಮದ್ದು, ಹೀಗೆ ಯಾವುದನ್ನಾದರೂ ತುಂಬಬಹುದಾಗಿತ್ತು. ಕೋವಿ ಹಿಡಿದವನೇ ಮದ್ದನ್ನು ಅಳೆದು, ನಾರನ್ನೋ ಬಟ್ಟೆಯ ಚೂರನ್ನೋ ಮೇಲಿಟ್ಟು ಕೋಲಿನಿಂದ ದಟ್ಟಿಸಿ, ಗುಂಡನ್ನು ಇಳಿಬಿಟ್ಟು, ಬತ್ತಿಯಿಂದಲೋ ಚಕಮಕಿಯಿಂದಲೋ, ಹತ್ತೊಂಬತ್ತನೆಯ ಶತಮಾನದಲ್ಲಾದರೆ ಕೇಪಿನಿಂದಲೋ ಹೊತ್ತಿಸುತ್ತಿದ್ದನು. ಪ್ರತಿಯೊಂದು ಈಡೂ ಕೈಯಿಂದ ಕಟ್ಟಿದ ಈಡು. ಅದರ ಹೊಂದಿಕೆ ಅವನ ಅನುಭವದಲ್ಲಿಯೇ ಅಡಗಿತ್ತು.

ತಿರುಪುಗೀರಿನ ನಳಿಗೆಯು ಈ ಸೈರಣೆಯನ್ನು ಕಳೆಯಿತು. ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಕೊರೆದ ಗೀರುಗಳು ಗುಂಡನ್ನು ಹಿಡಿದು ತಿರುಗಿಸುತ್ತವೆ. ಎಷ್ಟು ಅಂಗುಲದ ಉದ್ದಕ್ಕೆ ಗೀರು ಒಂದು ಪೂರ್ಣ ಸುತ್ತು ಸುತ್ತುತ್ತದೆಯೋ ಅದೇ ಆ ನಳಿಗೆಯ ತಿರುಪು. ಅಂಗುಲಗಳು ಕಡಮೆಯಾದಷ್ಟೂ ತಿರುಪು ಬಿರುಸು. ಇದರ ಶಾಸ್ತ್ರವನ್ನು ಬೆಂಜಮಿನ್ ರಾಬಿನ್ಸರು ಹದಿನೆಂಟನೆಯ ಶತಮಾನದ ಮಧ್ಯದಲ್ಲಿ ವಿವರಿಸಿದರು. ಲೆಕ್ಕಕ್ಕೆ ತಂದವರು ೧೮೭೯ರಲ್ಲಿ ಗ್ರೀನ್‌ಹಿಲ್ ಎಂಬ ಗಣಿತಜ್ಞರು. ಅವರ ಸೂತ್ರದ ತಾತ್ಪರ್ಯವಿಷ್ಟು: ಗುಂಡಿನ ವ್ಯಾಸವನ್ನು ೧೫೦ರಿಂದ ಗುಣಿಸಿ, ಗುಂಡಿನ ಉದ್ದವು ಅದರ ವ್ಯಾಸದ ಎಷ್ಟು ಮಡಿಯೋ ಆ ಸಂಖ್ಯೆಯಿಂದ ಭಾಗಿಸಿದರೆ ಬೇಕಾದ ತಿರುಪು ದೊರೆಯುತ್ತದೆ. ಗುಂಡು ಉದ್ದವಾದಷ್ಟೂ ತಿರುಪು ಬಿರುಸಾಗಬೇಕು. ಗುಂಡಿನ ತೂಕಕ್ಕಿಂತ ಅದರ ಉದ್ದವೇ ಇಲ್ಲಿ ನಿಯಾಮಕ.

ಈ ಸೂತ್ರವು ಹುಟ್ಟುವುದಕ್ಕೆ ಹದಿನಾರು ವರ್ಷಗಳ ಮೊದಲೇ ಭಾರತದ ಕಾಡಿನ ಅನುಭವವು ಒಂದು ತುದಿಯಲ್ಲಿ ಅದೇ ಉತ್ತರವನ್ನು ಮುಟ್ಟಿದ್ದಿತು. ಮಧ್ಯಪ್ರಾಂತಗಳಲ್ಲಿದ್ದ ಜೇಮ್ಸ್ ಫಾರ್ಸೈತರು ಬೇಟೆಯ ರೈಫಲು ಮತ್ತು ಅದರ ಗುಂಡುಗಳನ್ನು ಕುರಿತು ೧೮೬೩ರಲ್ಲಿ ಬರೆದ ಗ್ರಂಥದಲ್ಲಿ, ೧೪ನೆಯ ಬೋರಿನ ನಳಿಗೆಗೂ ದುಂಡನೆಯ ಗುಂಡಿಗೂ ೧೦೪ ಅಂಗುಲಕ್ಕೆ ಒಂದು ಸುತ್ತಿನ ಮಂದವಾದ ತಿರುಪೇ ತಕ್ಕದ್ದೆಂದು ನಿರ್ಣಯಿಸಿದರು. ಆ ಬೋರಿನ ವ್ಯಾಸ ೦.೬೯೩ ಅಂಗುಲ, ದುಂಡನೆಯ ಗುಂಡಿನ ಉದ್ದವೂ ವ್ಯಾಸವೂ ಒಂದೇ. ಸೂತ್ರದಂತೆ ಗುಣಿಸಿದರೆ ಬರುವುದೂ ೧೦೪ ಅಂಗುಲವೇ. ಫಾರ್ಸೈತರು ಅಲ್ಲಿಗೆ ಮುಟ್ಟಿದುದು ಗಣಿತದಿಂದಲ್ಲ. ಬಿರುಸಾದ ತಿರುಪಿನ ನಳಿಗೆಯಲ್ಲಿ ಮದ್ದನ್ನು ಹೆಚ್ಚಿಸಿದರೆ ಮೆತ್ತನೆಯ ಸೀಸದ ಗುಂಡು ಗೀರುಗಳನ್ನು ಹಿಡಿಯಲಾರದೆ ಜಾರಿ ನೇರವಾಗಿ ನುಗ್ಗಿಬಿಡುತ್ತದೆ; ಮದ್ದನ್ನು ಇಳಿಸಿದರೆ ವೇಗ ಸಾಲದೆ ಗುಂಡು ಬೇಗನೆ ಕೆಳಗಿಳಿಯುತ್ತದೆ. ಕಾಡಿನಲ್ಲಿ ದೂರವನ್ನು ಅಳೆದು ನೋಡುವ ವ್ಯವಧಾನವಿಲ್ಲ. ಆದುದರಿಂದ ತಿರುಪನ್ನು ಮಂದಗೊಳಿಸಿ ಮದ್ದನ್ನು ಹೆಚ್ಚಿಸುವುದೇ ಬೇಟೆಗೆ ಲೇಸೆಂಬುದು ಅವರ ವಾದ.

ಅದರ ಎದುರು ಪಕ್ಷದಲ್ಲಿ ನಿಂತದ್ದು ವಿಟ್‌ವರ್ತರ ರೈಫಲು. ಆ ಕಾಲದ ಸೈನ್ಯದ ಎನ್‌ಫೀಲ್ಡ್ ಬಂದೂಕಿನ ಬಾಯಳತೆ ೦.೫೭೭ ಅಂಗುಲ, ತಿರುಪು ೭೮ ಅಂಗುಲಕ್ಕೆ ಒಂದು ಸುತ್ತು. ವಿಟ್‌ವರ್ತರು ಬಾಯಳತೆಯನ್ನು ೦.೪೫೧ ಅಂಗುಲಕ್ಕೆ ಇಳಿಸಿ, ಗುಂಡನ್ನು ನೀಳಮಾಡಿ, ತಿರುಪನ್ನು ೨೦ ಅಂಗುಲಕ್ಕೆ ಬಿರುಸುಗೊಳಿಸಿದರು. ೧೮೫೭ರ ಪರೀಕ್ಷೆಗಳಲ್ಲಿ ಅದು ಎನ್‌ಫೀಲ್ಡನ್ನು ಬಹುವಾಗಿ ಹಿಂದೆ ಹಾಕಿತು. ಆದರೂ ಸಣ್ಣ ನಳಿಗೆಯಲ್ಲಿ ಮದ್ದಿನ ಮಸಿ ಬೇಗ ಕಟ್ಟಿಕೊಳ್ಳುವುದೆಂಬ ಕಾರಣವೂ ಸೇರಿ ಸೈನ್ಯಕ್ಕೆ ಅದನ್ನು ಸ್ವೀಕರಿಸಲಿಲ್ಲ. ಸಣ್ಣ ಬಾಯಿ, ನೀಳವಾದ ಗುಂಡು, ಬಿರುಸಾದ ತಿರುಪು ಎಂಬ ಮೂರರ ಒಕ್ಕೂಟವು ಮುಂದೆ ಜಗತ್ತನ್ನೆಲ್ಲ ಆವರಿಸಬೇಕಾದರೆ ಮದ್ದೇ ಬದಲಾಗಬೇಕಾಗಿದ್ದಿತು.

೫

ತಿರುಪುಗೀರಿನ ಬಂದೂಕಿಗೆ ಗುಂಡು ಬಿಗಿಯಾಗಿ ಹೊಂದಬೇಕು. ಬಿಗಿಯಾದ ಗುಂಡು ಮಸಿ ಕಟ್ಟಿದ ನಳಿಗೆಯಲ್ಲಿ ಇಳಿಯಬೇಕಾದರೆ ಜಿಡ್ಡು ಬೇಕು. ಎನ್‌ಫೀಲ್ಡಿನ ಕಾಗದದ ತೋಟಾಕ್ಕೆ ಕೊಬ್ಬನ್ನು ಬಳಿದುದರ ಕಾರಣವಿಷ್ಟೇ. ಕಾರ್ಖಾನೆಯಲ್ಲಿ ಅಳೆದ ಮದ್ದು, ಅಲ್ಲಿಯೇ ಹೊಯ್ದ ಗುಂಡು, ಅಲ್ಲಿಯೇ ಬಳಿದ ಜಿಡ್ಡು, ಇವೆಲ್ಲವೂ ಒಂದು ಪೊಟ್ಟಣವಾಗಿ ಸಿಪಾಯಿಯ ಕೈಗೆ ಬಂದವು. ಅದನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕೆಂಬುದು ಕವಾಯತಿನ ನಿಯಮ. ಆ ಕೊಬ್ಬು ಹಸುವಿನದು, ಹಂದಿಯದು ಎಂಬ ಸುದ್ದಿಯು ೧೮೫೭ರ ಜನವರಿಯಲ್ಲಿ ದಮ್‌ದಮ್‌ನಿಂದ ಹಬ್ಬಿದ ಬಳಿಕ ನಡೆದುದು ಸರ್ವವಿದಿತ. ದಂಗೆಗೆ ಕಾರಣಗಳು ಅನೇಕ. ಆದರೆ ಈಡನ್ನು ಕಟ್ಟುವ ಕೆಲಸ ಸಿಪಾಯಿಯ ಕಣ್ಣಿಗೆ ಕಾಣದ ಕಡೆಗೆ ಹೋದುದರಿಂದಲೇ ಅದರೊಳಗೆ ಏನಿದೆಯೆಂಬ ಸಂದೇಹಕ್ಕೆ ಅಷ್ಟು ಬಲ ಬಂದಿತೆಂಬುದನ್ನು ಮರೆಯಲಾಗದು.

ದಂಗೆಯ ನಂತರ ಜನರ ಕೈಯಿಂದ ಆಯುಧವನ್ನು ಕಿತ್ತುಕೊಳ್ಳುವ ಕಾನೂನುಗಳು ಬಂದವು. ಮುಧೋಳದ ಸೀಮೆಯ ಹಲಗಲಿಯ ಬೇಡರು ತಮ್ಮ ಆಯುಧಗಳನ್ನು ಒಪ್ಪಿಸಲು ನಿರಾಕರಿಸಿ ೧೮೫೭ರ ನವೆಂಬರಿನಲ್ಲಿ ಹೋರಾಡಿದರು. ಊರು ಸುಟ್ಟಿತು, ಹಲವರು ಗಲ್ಲಿಗೇರಿದರು. ಈ ವೃತ್ತಾಂತವನ್ನು ಹಾಡುವ ಲಾವಣಿಯನ್ನು ಫ್ಲೀಟರು ಇತರ ಕನ್ನಡ ಲಾವಣಿಗಳೊಡನೆ ಸಂಗ್ರಹಿಸಿ ಪ್ರಕಟಿಸಿದುದರಿಂದ ಅದು ಸಾಹಿತ್ಯಾಭ್ಯಾಸಿಗಳಿಗೆ ಪರಿಚಿತವಾಗಿದೆ. ಬೇಟೆಯೇ ಜೀವನವಾದ ಜನಕ್ಕೆ ಆಯುಧವು ಹೋಗುವುದೆಂದರೆ ಅನ್ನವೂ ಮಾನವೂ ಒಟ್ಟಿಗೆ ಹೋದಂತೆಯೇ ಸರಿ.

ಕೊಡಗಿನಲ್ಲಿ ಇದಕ್ಕೆ ವಿಪರೀತವಾದುದು ನಡೆಯಿತು. ಮೈಸೂರು, ಕೊಡಗುಗಳ ಆಡಳಿತದ ಹೊಣೆ ಹೊತ್ತಿದ್ದ ಮಾರ್ಕ್ ಕಬ್ಬನ್ನರು, ದಂಗೆಯ ಕಾಲದಲ್ಲಿ ಕೊಡವರು ತೋರಿದ ನಿಷ್ಠೆಯನ್ನು ಮೆಚ್ಚಿ, ೧೮೬೧ರ ಫೆಬ್ರವರಿಯಲ್ಲಿ ಅವರನ್ನು ನಿಶ್ಶಸ್ತ್ರೀಕರಣದ ಕಾನೂನಿನಿಂದ ಬಿಟ್ಟರು. ಕೊಡವರ ಆಚಾರದಲ್ಲಿ ತೋಕ್ ಎಂದು ಕರೆಯುವ ಕೋವಿಗೆ ಪೂಜೆಯ ಸ್ಥಾನವಿದೆ. ಕೈಲ್ ಪೋಳ್ದ್ ಹಬ್ಬದಲ್ಲಿ ತೋಕ್ ಪೂ ಎಂಬ ಕೆಂಪು ಹೂವಿನಿಂದ ಅದನ್ನು ಸಿಂಗರಿಸುತ್ತಾರೆ. ಗಂಡುಮಗು ಹುಟ್ಟಿದಾಗ ಒಂದು ಈಡು, ಮರಣವಾದಾಗ ಎರಡು ಈಡು ಹಾರಿಸುವುದು ವಾಡಿಕೆ. ೧೮೭೮ರ ಆಯುಧ ಶಾಸನವು ಬ್ರಿಟಿಷ್ ಇಂಡಿಯದಲ್ಲೆಲ್ಲ ಪರವಾನಗಿಯನ್ನು ಕಡ್ಡಾಯ ಮಾಡಿದಾಗಲೂ ಈ ವಿನಾಯಿತಿ ಉಳಿಯಿತು. ಸ್ವಾತಂತ್ರ್ಯಾನಂತರದ ೧೯೫೯ರ ಶಾಸನದ ಕೆಳಗೂ ಮುಂದುವರಿದು, ೨೦೧೯ರ ಅಧಿಸೂಚನೆಯ ಮೇರೆಗೆ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ೨೦೨೯ರ ಅಕ್ಟೋಬರ್ ಕೊನೆಯವರೆಗೆ ಅದು ಊರ್ಜಿತದಲ್ಲಿದೆ. ೨೦೨೧ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಹೀಗಾಗಿ ಶನಿವಾರಸಂತೆಯ ಕಡೆಯ ಕೊಡವನಿಗೆ ಇರುವ ಹಕ್ಕು, ಅದೇ ಮಳೆಗೆ ನೆನೆಯುವ, ಅದೇ ಹಂದಿಯ ಕಾಟವನ್ನು ಸಹಿಸುವ ಅರಕಲಗೂಡಿನ ಒಕ್ಕಲಿಗನಿಗೆ ಇಲ್ಲದಾಯಿತು. ಭೂಗೋಳವು ಒಂದಾಗಿದ್ದ ಕಡೆ ಶಾಸನವು ಗೆರೆ ಎಳೆಯಿತು.

ಮೈಸೂರು ಸಂಸ್ಥಾನಕ್ಕೆ ವಿಧಿಸಿದ ಷರತ್ತು ಇನ್ನೂ ಕಠಿನವಾದುದು. ೧೮೮೧ರ ಮಾರ್ಚ್ ೨೫ರಂದು ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ರಾಜ್ಯವನ್ನು ಹಿಂದಿರುಗಿಸಿದಾಗಿನ ಹಸ್ತಾಂತರ ಪತ್ರದ ಮೇರೆಗೆ, ಗವರ್ನರ್ ಜನರಲ್ಲರ ಅನುಮತಿಯಿಲ್ಲದೆ ಆಯುಧ, ಮದ್ದುಗುಂಡುಗಳನ್ನು ಹೊರಗಿನಿಂದ ತರಿಸಕೂಡದು; ಅವರು ಬಯಸಿದಾಗ ರಾಜ್ಯದೊಳಗೆ ಅವುಗಳ ತಯಾರಿಕೆಯನ್ನು ನಿಲ್ಲಿಸಬೇಕು. ಒಂದು ಶತಮಾನದ ಹಿಂದೆ ತನ್ನ ಬಾಣಗಳಿಂದ ಯೂರೋಪಿಗೆ ಪಾಠ ಹೇಳಿದ ದೇಶಕ್ಕೆ ತನ್ನ ಮದ್ದನ್ನು ತಾನೇ ಅಳೆದುಕೊಳ್ಳುವುದಕ್ಕೂ ಪರರ ಮರ್ಜಿ ಬೇಕಾಯಿತು.

೬

ಅದೇ ಕಾಲದಲ್ಲಿ ಮಂಜರಾಬಾದಿನ ಬೆಟ್ಟಗಳಲ್ಲಿ ಕಾಫಿಯ ತೋಟಗಳು ಹಬ್ಬುತ್ತಿದ್ದುವು. ೧೮೫೦ರ ದಶಕದಲ್ಲಿ ಅಲ್ಲಿಗೆ ಬಂದ ರಾಬರ್ಟ್ ಎಲಿಯಟ್ಟರು ೧೮೭೧ರಲ್ಲೊಂದು, ೧೮೯೪ರಲ್ಲೊಂದು ಹೀಗೆ ಎರಡು ಗ್ರಂಥಗಳನ್ನು ಬರೆದರು. ಎರಡನೆಯದರ ಹೆಸರಿನಲ್ಲಿಯೇ ಮೈಸೂರಿನ ಚಿನ್ನ ಮತ್ತು ಕಾಫಿಗಳ ನಡುವೆ ಬೇಟೆಯೂ ಸೇರಿಕೊಂಡಿದೆ. ಕಿಟ್ಟೆಲರ ನಿಘಂಟು ಮಂಗಳೂರಿನಲ್ಲಿ ಹೊರಬಿದ್ದುದೂ ಆ ೧೮೯೪ನೆಯ ಇಸವಿಯಲ್ಲಿಯೇ. ಮೈಸೂರಿನ ಇಂಜನಿಯರರಾಗಿದ್ದು, ಚಾಮರಾಜನಗರದ ಸೀಮೆಯಲ್ಲಿ ಖೆಡ್ಡಾ ಕಾರ್ಯವನ್ನು ಯಶಸ್ವಿಯಾಗಿ ನಡೆಸಿದ ಸ್ಯಾಂಡರ್‌ಸನ್ನರ ಗ್ರಂಥವು ೧೮೭೮ರಲ್ಲಿ ಪ್ರಕಟವಾಯಿತು. ಆನೆಯ ಬೇಟೆಗೆ ಅವರು ೪ನೆಯ ಮತ್ತು ೮ನೆಯ ಬೋರಿನ ಭಾರವಾದ ಬಂದೂಕುಗಳನ್ನು ಬಳಸಿದರು.

ಬೋರೆಂಬುದು ಒಂದು ಪೌಂಡು ಸೀಸದಲ್ಲಿ ನಳಿಗೆಗೆ ಸರಿಹೊಂದುವ ಎಷ್ಟು ಗುಂಡುಗಳಾಗುತ್ತವೆ ಎಂಬ ಲೆಕ್ಕ. ಇಲ್ಲಿಯೂ ಗುಂಡೇ ನಳಿಗೆಗೆ ಹೆಸರು ಕೊಟ್ಟಿದೆ. ೪ನೆಯ ಬೋರಿನ ಗುಂಡಿಗೆ ಕಾಲು ಪೌಂಡು, ಎಂದರೆ ಸುಮಾರು ೯¾ ತೊಲ ತೂಕ. ಕರಿಮದ್ದಿನಿಂದ ವೇಗವನ್ನು ಒಂದು ಮಿತಿಯ ಆಚೆಗೆ ಏರಿಸಲಾಗದುದರಿಂದ ಬಲ ಬೇಕಾದವನು ತೂಕವನ್ನೇ ಹೆಚ್ಚಿಸಬೇಕಾಗಿದ್ದಿತು. ಅದರ ಒದೆತವನ್ನು ಹೆಗಲು ತಡೆಯಬೇಕು. ಸೀಸವು ಆನೆಯ ತಲೆಬುರುಡೆಗೆ ತಾಗಿ ಚಪ್ಪಟೆಯಾಗದಂತೆ ತವರವನ್ನೋ ಪಾದರಸವನ್ನೋ ಬೆರಸಿ ಗಟ್ಟಿಮಾಡಬೇಕು. ಹಿತ್ತಾಳೆಯ ತೋಟಾಗಳನ್ನು ಬೇಟೆಗಾರನೇ ಮತ್ತೆ ಮತ್ತೆ ತುಂಬಿಕೊಳ್ಳುವುದು ಆ ಕಾಲದ ಭಾರತದಲ್ಲಿ ರೂಢಿಯಾಗಿತ್ತು. ಅಂಗಡಿಯಿಂದ ದೂರವಿದ್ದ ತೋಟದ ಬಂಗಲೆಯ ಮೇಜಿನ ಮೇಲೆ ಅಳತೆಯ ಬಟ್ಟಲು, ಗುಂಡಿನ ಅಚ್ಚು, ಕೇಪಿನ ಡಬ್ಬಿಗಳಿದ್ದರೆ ಆಶ್ಚರ್ಯವಿಲ್ಲ. ಹಳ್ಳಿಯ ಕೋವಿಯವನೂ ಬಂಗಲೆಯ ದೊರೆಯೂ ಈ ಒಂದು ವಿಷಯದಲ್ಲಿ ಸಮಾನರಾಗಿದ್ದರು: ಇಬ್ಬರ ಈಡೂ ಅವರವರ ಕೈಯದೇ.

ಈ ಸಮಾನತೆಯನ್ನು ಮುರಿದುದು ಹೊಗೆಯಿಲ್ಲದ ಮದ್ದು. ೧೮೮೦ರ ದಶಕದಲ್ಲಿ ಎರಡು ಹೊಸತುಗಳು ಕೂಡಿಬಂದವು. ಮಸಿ ಕಟ್ಟದೆ, ಕರಿಮದ್ದಿಗಿಂತ ಬಹುಪಾಲು ಹೆಚ್ಚು ಬಲ ಕೊಡುವ ಹೊಸ ಮದ್ದು ಒಂದು; ಸೀಸದ ಗುಂಡಿಗೆ ತಾಮ್ರವೇ ಮೊದಲಾದ ಗಟ್ಟಿ ಲೋಹದ ಕವಚವನ್ನು ತೊಡಿಸುವ ಉಪಾಯ ಇನ್ನೊಂದು. ಕವಚವಿರುವುದರಿಂದ ಬಿರುಸು ತಿರುಪಿನಲ್ಲಿಯೂ ಗುಂಡು ಜಾರದು. ಮಸಿಯಿಲ್ಲದುದರಿಂದ ಸಣ್ಣ ನಳಿಗೆಯೂ ಕಟ್ಟಿಕೊಳ್ಳದು. ಫಾರ್ಸೈತರ ಆಕ್ಷೇಪವೂ ವಿಟ್‌ವರ್ತರಿಗೆ ಒದಗಿದ ತೊಡಕೂ ಒಟ್ಟಿಗೆ ಪರಿಹಾರವಾದವು. ಬ್ರಿಟಿಷ್ ಸೈನ್ಯವು ೧೮೮೮ರಲ್ಲಿ ೦.೩೦೩ ಅಂಗುಲದ ಬಾಯಳತೆಗೆ, ೧೦ ಅಂಗುಲಕ್ಕೊಂದು ಸುತ್ತಿನ ತಿರುಪಿಗೆ ಇಳಿಯಿತು. ಮೊದಲಿನ ಗುಂಡಿನ ಉದ್ದ ವ್ಯಾಸದ ನಾಲ್ಕು ಮಡಿಯಷ್ಟಿತ್ತು. ಗ್ರೀನ್‌ಹಿಲ್ಲರ ಸೂತ್ರದಿಂದ ಸುಮಾರು ಹನ್ನೊಂದೂವರೆ ಅಂಗುಲ ಬರುವುದರಿಂದ ಈ ತಿರುಪಿನಲ್ಲಿ ಸ್ವಲ್ಪ ಭದ್ರತೆಯೂ ಸೇರಿತ್ತು. ೧೯೧೦ರಲ್ಲಿ ಬಂದ ಇದೇ ರೈಫಲಿನ ಹೊಸ ಗುಂಡಿನ ತೂಕ ೧೭೪ ಗ್ರೇನು, ಎಂದರೆ ಒಂದು ತೊಲಕ್ಕೂ ತುಸು ಕಡಮೆ. ಸ್ಯಾಂಡರ್‌ಸನ್ನರ ೪ನೆಯ ಬೋರಿನ ಗುಂಡಿನ ಹತ್ತನೆಯ ಒಂದು ಪಾಲು.

ಹೊಸ ಮದ್ದಿಗೆ ಹಳೆಯ ಬಟ್ಟಲು ಸಲ್ಲದಾಯಿತು. ಕರಿಮದ್ದನ್ನು ಬಟ್ಟಲಿನಿಂದ ಅಳೆಯುವಾಗ ತುಸು ಹೆಚ್ಚಾದರೆ ಹೆಗಲಿಗೆ ಒದೆತ ಹೆಚ್ಚಾಗುತ್ತಿತ್ತು, ಅಷ್ಟೆ. ಹೊಗೆಯಿಲ್ಲದ ಮದ್ದನ್ನು ಅದೇ ಬಟ್ಟಲಿನ ತುಂಬ ಹೊಯ್ದರೆ ನಳಿಗೆಯೇ ಸಿಡಿದು ಹೊಡೆಯುವವನ ಕೈ ಕಣ್ಣುಗಳು ಹೋಗಬಹುದು. ಇದನ್ನು ಗ್ರೇನಿನ ಅಂಶಗಳಲ್ಲಿ ತಕ್ಕಡಿಯಿಂದ ತೂಗಬೇಕು. ಮದ್ದಿನ ಜಾತಿ, ಗುಂಡಿನ ತೂಕ, ತೋಟಾದ ಒಳಗಾತ್ರ, ಗುಂಡನ್ನು ಕೂರಿಸುವ ಆಳ, ಇವುಗಳಲ್ಲಿ ಒಂದು ಬದಲಾದರೂ ಉಳಿದ ಲೆಕ್ಕವೆಲ್ಲ ಬದಲಾಗುತ್ತದೆ. ಅನುಭವದ ಅಳತೆಯಿಂದ ಶಾಸ್ತ್ರದ ಅಳತೆಗೆ ಈಡು ದಾಟಿದ ಘಟ್ಟವಿದು.

ಗುಂಡು ಸಣ್ಣದಾದುದರಿಂದ ಬೇರೊಂದು ಚರ್ಚೆಯೂ ಹುಟ್ಟಿತು. ಕವಚವಿರುವ ಸಣ್ಣ ಗುಂಡು ಮೈಯನ್ನು ತೂರಿಕೊಂಡು ಹೋಗಿಬಿಡುವುದು, ಎದುರಾಳಿಯನ್ನು ತಡೆಯದು ಎಂಬ ದೂರಿನಿಂದ, ತುದಿಯಲ್ಲಿ ಸೀಸವನ್ನು ಬರಿದಾಗಿ ಬಿಟ್ಟು ತಾಗಿದೊಡನೆ ಅರಳುವ ಗುಂಡುಗಳನ್ನು ೧೮೯೦ರ ದಶಕದಲ್ಲಿ ದಮ್‌ದಮ್ ಕಾರ್ಖಾನೆಯಲ್ಲಿ ತಯಾರಿಸಿದರು. ೧೮೯೯ರ ಹೇಗ್ ಸಮ್ಮೇಲನವು ಇಂತಹವು ಯುದ್ಧದಲ್ಲಿ ಸಲ್ಲದೆಂದು ಘೋಷಿಸಿತು. ಸರ್ಕಾರಕ್ಕೆ ಬೇರೆ ಭಯವೂ ಇದ್ದಿತು: ಬೇಟೆಗಾರನ ಗುಂಡು ಸೈನ್ಯದ ಬಂದೂಕಿಗೆ ಹೊಂದಿದರೆ ಅದು ದಂಗೆಕೋರರಿಗೆ ದಕ್ಕಬಹುದು. ೧೯೦೭ರ ಸುಮಾರಿಗೆ ೦.೪೫೦ ಬಾಯಳತೆಯ ಬೇಟೆಯ ರೈಫಲುಗಳನ್ನು ಭಾರತಕ್ಕೆ ತರುವುದನ್ನು ತಡೆದುದು ಈ ಕಾರಣದಿಂದಲೇ. ಇಂಗ್ಲೆಂಡಿನ ತಯಾರಕರು ೦.೪೭೦ ಮೊದಲಾದ ಹೊಸ ಅಳತೆಗಳನ್ನು ಹುಟ್ಟಿಸಿಕೊಂಡರು. ನಿಷಿದ್ಧ ಬೋರೆಂಬ ಕಲ್ಪನೆಯು ಸ್ವತಂತ್ರ ಭಾರತದ ಶಾಸನದಲ್ಲಿಯೂ ಉಳಿದಿದ್ದು, ಇಚ್ಛಾಪುರದ ಸರ್ಕಾರಿ ಕಾರ್ಖಾನೆಯ ನಾಗರಿಕ ರೈಫಲಿಗೆ ೦.೩೧೫ ಎಂಬ ಬೇರೆಯ ಅಳತೆ ಇರುವುದನ್ನು ಈ ಹಿನ್ನೆಲೆಯಲ್ಲಿ ಕಾಣಬೇಕು. ಹೀಗೆ ಗುಂಡಿನ ಆಯ್ಕೆಯು ಭೌತಶಾಸ್ತ್ರದ ಕೈಯಿಂದ ಶಾಸನದ ಕೈಗೂ ಹಂಚಿಹೋಯಿತು.

೭

ಈ ಸರಣಿಯ ಇತ್ತೀಚಿನ ಘಟ್ಟವೆಂದರೆ ೫.೫೬ ಮಿಲಿಮೀಟರಿನ ಸೈನಿಕ ರೈಫಲು. ಅಮೆರಿಕದ ಸೈನ್ಯವು ೧೯೬೦ರ ದಶಕದಲ್ಲಿ ಬಳಕೆಗೆ ತಂದ ೫೫ ಗ್ರೇನಿನ ಗುಂಡಿಗೆ ೧೨ ಅಂಗುಲದ ತಿರುಪು ಸಾಕಾಗಿತ್ತು. ೧೯೮೦ರಲ್ಲಿ ನ್ಯಾಟೊ ಒಕ್ಕೂಟವು ೬೨ ಗ್ರೇನಿನ, ಅದಕ್ಕಿಂತ ಉದ್ದನೆಯ ಗುಂಡನ್ನು ಆರಿಸಿದಾಗ ಹಳೆಯ ತಿರುಪು ಸಾಲದಾಯಿತು. ಬೆಳಕು ಬಿಡುತ್ತ ಹೋಗುವ ಇನ್ನೂ ಉದ್ದನೆಯ ಗುಂಡಿಗೂ ಸಾಲುವಂತೆ ಅಮೆರಿಕದವರು ಅದನ್ನು ೭ ಅಂಗುಲಕ್ಕೆ ಬಿರುಸುಗೊಳಿಸಿದರು. ತೂಕದ ಹೆಚ್ಚಳ ೭ ಗ್ರೇನು ಮಾತ್ರ. ತಿರುಪು ಹೆಚ್ಚುಕಡಮೆ ಇಮ್ಮಡಿ. ಉದ್ದವೇ ನಿಯಾಮಕವೆಂಬ ಹಳೆಯ ಸೂತ್ರಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ತೊಲದ ಮೂರನೆಯ ಒಂದು ಪಾಲಿನಷ್ಟು ತೂಗುವ ಇಂತಹ ಗುಂಡನ್ನು ಬಿರುಸು ತಿರುಪಿನ ನಳಿಗೆಗೆ ಆರಿಸುವವನು ಮೊದಲು ನೋಡಬೇಕಾದುದು ಅದರ ಉದ್ದವನ್ನು, ಬಳಿಕ ಕವಚವು ಆ ತಿರುಗಣೆಯ ರಭಸವನ್ನು ತಡೆಯಬಲ್ಲುದೇ ಎಂಬುದನ್ನು, ಕೊನೆಗೆ ಮದ್ದನ್ನು. ಉದ್ದನೆಯ ಗುಂಡಿಗೆ ಮಂದ ತಿರುಪಾದರೆ ಅದು ಗಾಳಿಯಲ್ಲಿ ಉರುಳಾಡುತ್ತದೆ. ತೆಳುಗವಚದ ಹಗುರ ಗುಂಡಿಗೆ ಅತಿ ಬಿರುಸಾದರೆ ದಾರಿಯಲ್ಲಿಯೇ ಒಡೆದುಹೋಗಬಹುದು. ಭಾರತವೂ ೧೯೯೦ರ ದಶಕದಲ್ಲಿ ಇನ್ಸಾಸ್ ರೈಫಲಿನ ಮೂಲಕ ಇದೇ ಬಾಯಳತೆಗೆ ಬಂದಿತು.

ಹಾಸನ ಸೀಮೆಯ ಹೊಲಗದ್ದೆಗಳಲ್ಲಿ ಇಂದು ಈ ವಿದ್ಯೆಗೆ ಹೆಚ್ಚಿನ ಅವಕಾಶವಿಲ್ಲ. ೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನದಿಂದ ಬೇಟೆ ನಿಂತಿತು. ಕಾಡುಹಂದಿಯೂ ಆನೆಯೂ ಶಾಸನದ ರಕ್ಷಣೆಯೊಳಗಿವೆ. ೧೯೫೯ರ ಆಯುಧ ಶಾಸನದಂತೆ ಪರವಾನಗಿಯಿಲ್ಲದೆ ಮದ್ದುಗುಂಡನ್ನು ತಯಾರಿಸುವುದು ಅಪರಾಧ. ಆಲೂರು, ಸಕಲೇಶಪುರ, ಅರಕಲಗೂಡುಗಳ ಕಡೆ ಆನೆಗಳು ಗದ್ದೆಗಿಳಿದಾಗ ಅರಣ್ಯ ಇಲಾಖೆಯ ಪಟಾಕಿಯೇ ಗತಿ. ಪ್ರಾಣಿಗಳ ಉಳಿವಿಗೂ ಮನುಷ್ಯರ ಕ್ಷೇಮಕ್ಕೂ ಈ ನಿಬಂಧನೆಗಳು ಅಗತ್ಯವಾದುವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಬೆಳೆ ಕಾಯುವವನ ಸಂಕಟವೂ ಸುಳ್ಳಲ್ಲ. ಗಡಿಯ ಆಚೆ ಈಚೆಗಳ ಹಕ್ಕಿನ ಭೇದಕ್ಕೆ ೧೮೬೧ರ ಒಂದು ಮೆಚ್ಚಿಕೆಯ ಪತ್ರವಲ್ಲದೆ ಬೇರೆ ಆಧಾರವನ್ನು ಹುಡುಕುವುದು ಕಷ್ಟ.

ಒಟ್ಟಿನಲ್ಲಿ ಇಷ್ಟು ನಿಶ್ಚಯವಾಗಿ ಹೇಳಬಹುದು. ನಳಿಗೆಯ ತಿರುಪು ಬಿರುಸಾದಷ್ಟೂ ಗುಂಡು ಮದ್ದುಗಳ ಹೊಂದಿಕೆಯ ಎಡೆ ಕಿರಿದಾಯಿತು. ಆ ಎಡೆ ಕಿರಿದಾದಷ್ಟೂ ಅಳತೆಯು ಕೋವಿ ಹಿಡಿದವನ ಕೈಬಿಟ್ಟು ಕಾರ್ಖಾನೆಗೂ ಸರ್ಕಾರಕ್ಕೂ ಸೇರಿತು. ಈ ಸ್ಥಿತ್ಯಂತರದ ಮೊದಲ ಭಾಗವು ಕನ್ನಡದ ಶಬ್ದಗಳಲ್ಲಿ ಇನ್ನೂ ಉಳಿದಿದೆ. ಈಡು, ಮದ್ದು, ಚರೆ, ಕೇಪು, ತೋಟಾ, ಬಾರು ಮಾಡುವುದು, ದಟ್ಟಿಸುವುದು ಎಂಬ ಮಾತುಗಳ ಹಿಂದೆ ಕೈಯಿಂದ ಅಳೆದ ಕಾಲದ ಅನುಭವವಿದೆ. ಕುವೆಂಪು ಅವರ ಮಲೆನಾಡಿನ ಕಾದಂಬರಿಗಳ ಬೇಟೆಯ ಪ್ರಕರಣಗಳನ್ನು ಪಾಠ ಹೇಳುವ ಅಧ್ಯಾಪಕನು ಇವುಗಳನ್ನು ಬರಿಯ ಬಂದೂಕು ಎಂಬ ಒಂದೇ ಶಬ್ದದಿಂದ ಅರ್ಥೈಸಿಬಿಟ್ಟರೆ ವಿದ್ಯಾರ್ಥಿಗೆ ಆ ಲೋಕದ ಅರ್ಧವೂ ದಕ್ಕಲಾರದು. ಕಟ್ಟಾಯ, ಅರಕಲಗೂಡು, ಸಕಲೇಶಪುರಗಳ ಕಡೆ ಕೇಪಿನ ಕೋವಿಯನ್ನು ಕೈಯಾರೆ ತುಂಬಿ ಬಲ್ಲ ವೃದ್ಧರು ದಿನದಿನಕ್ಕೆ ವಿರಳರಾಗುತ್ತಿದ್ದಾರೆ. ಕೋವಿಯ ಒಂದೊಂದು ಅಂಗಕ್ಕೂ ಒಂದೊಂದು ಕ್ರಿಯೆಗೂ ಅವರ ಬಾಯಲ್ಲಿರುವ ಹೆಸರುಗಳನ್ನು, ಊರೂರಿನ ಪಾಠಭೇದಗಳೊಡನೆ, ಅವರು ಇರುವಾಗಲೇ ಬರೆದಿಡುವುದು ನಿಘಂಟಿನ ಕೆಲಸದಲ್ಲಿ ತೊಡಗಿರುವವರ ಮುಂದಿರುವ ಕರ್ತವ್ಯವಾಗಿದೆ.